ಮೂರನೇ ಮಹಡಿ, ಮತ್ತೇನು?

ಕೆಂಪಕ್ಕ ಲಿಫ್ಟು ಹತ್ತುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ಐವತ್ತೊಂಬತ್ತರ ಮಂಡಿ ಇಟ್ಟುಕೊಂಡು, ಒಂದೊಂದು ಮಹಡಿಗೂ ಗೋಡೆಗೆ ಕೈಕೊಟ್ಟು ನಿಂತು ಉಸಿರೆಳೆದುಕೊಂಡು, ಮೂರನೇ ಮಹಡಿಯ ಪ್ರೆಸ್ಸಿಗೆ ಮೆಟ್ಟಿಲು ಹತ್ತಿಕೊಂಡೇ ಬರುತ್ತಿದ್ದಳು. ನೋಡಿದವರು ವ್ಯಾಯಾಮ ಎಂದುಕೊಂಡರು. ವ್ಯಾಯಾಮವೂ ಇಲ್ಲ, ಮಣ್ಣೂ ಇಲ್ಲ. ಆ ಲಿಫ್ಟು ಸತ್ತವನ ದನಿಯಲ್ಲಿ ಮಾತಾಡುತ್ತಿತ್ತು, ಅಷ್ಟೇ.

ಸತ್ತವನು ಲಿಫ್ಟಣ್ಣ, ಆ ಕಟ್ಟಡದ ಲಿಫ್ಟನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡ ಮೆಕ್ಯಾನಿಕ್. ಅವನು, ಕೆಂಪಕ್ಕ, ಪ್ರೆಸ್ಸಿನ ಯಜಮಾನ, ಕೆಳಗೆ ಔಷಧಿ ಅಂಗಡಿ ಇಟ್ಟಿರುವ ಮಾತ್ರೆ, ಈ ನಾಲ್ವರೂ ಚಿಕ್ಕಂದಿನಲ್ಲಿ ಒಂದೇ ತರಗತಿಯಲ್ಲಿ ಕೂತು ಒಟ್ಟಿಗೆ ಬೈಸಿಕೊಂಡವರು. ಕೆಂಪಕ್ಕ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ಅದೇ ಪ್ರೆಸ್ಸಿನ ಕಿಟಕಿ ಪಕ್ಕ ಕೂತು, ಅಚ್ಚಿಗೆ ಹೋಗುವ ಹಾಳೆಗಳ ತಪ್ಪನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ ತಿದ್ದಿ ಸಂಪಾದಿಸಿದ ಬಿರುದು. ತಿದ್ದಿ ಮುಗಿದ ಹಾಳೆಯ ಮೂಲೆಯಲ್ಲಿ ಅವಳು ‘ಕೆ’ ಎಂದು ಬರೆದು ಸುತ್ತ ಒಂದು ಸೊನ್ನೆ ಸುತ್ತಿದರೆ ಆಯಿತು, ಆಮೇಲೆ ಆ ಹಾಳೆಯನ್ನು ಪ್ರೆಸ್ಸಿನಲ್ಲಿ ಯಾರೂ ಇನ್ನೊಮ್ಮೆ ಓದುತ್ತಿರಲಿಲ್ಲ.

ಲಿಫ್ಟಿಗೆ ಮಾತಾಡುವ ಪೆಟ್ಟಿಗೆ ಬಂದದ್ದು ಆರು ವರ್ಷದ ಹಿಂದೆ. ಪೆಟ್ಟಿಗೆಯ ಜೊತೆ ಬಂದಿದ್ದ ದನಿ ಯಾರೋ ನೆಗಡಿಯಾದ ಹೆಂಗಸಿನದು. ಅದು ಲಿಫ್ಟಣ್ಣನಿಗೆ ಹಿಡಿಸಲಿಲ್ಲ. ಒಂದು ಭಾನುವಾರ, ಯಂತ್ರಗಳು ಸುಮ್ಮನಿದ್ದಾಗ, ಪ್ರೆಸ್ಸಿನಲ್ಲೇ ಕೂತು ತನ್ನ ದನಿಯನ್ನೇ ತುಂಬಿಸಿದ. “ಬಾಗಿಲು ಮುಚ್ಚುತ್ತಿದೆ” ಎಂದ. “ನೆಲಮಹಡಿ. ಮೊದಲನೇ ಮಹಡಿ. ಎರಡನೇ ಮಹಡಿ” ಎಂದ. ಕಡೆಗೆ “ಮೂರನೇ ಮಹಡಿ” ಎಂದು ಹೇಳಿ, ಅಲ್ಲಿಗೆ ಕಟ್ಟಡ ಮುಗಿಯಿತಲ್ಲ, ಗೆಳೆಯರ ಕಡೆ ತಿರುಗಿ “ಮತ್ತೇನು?” ಎಂದು ಕೇಳಿದ. ಅದೂ ಸೇರಿಕೊಂಡಿತು. ಅಳಿಸಬಹುದಿತ್ತು, ಅಳಿಸಲಿಲ್ಲ. ಅಂದಿನಿಂದ ಲಿಫ್ಟು ಮೇಲೆ ಬಂದು ನಿಂತಾಗಲೆಲ್ಲ “ಮೂರನೇ ಮಹಡಿ. ಮತ್ತೇನು?” ಎಂದು ವಿಚಾರಿಸುತ್ತಿತ್ತು. ಬಾಗಿಲಿಗೆ ಕಾಲು ಅಡ್ಡ ಇಟ್ಟರೆ ಬಿಟ್ಟೂ ಬಿಡದೆ ಅದನ್ನೇ ಕೇಳುತ್ತಿತ್ತು. ಮಾತ್ರೆ ಬೇಕೆಂದೇ ಕಾಲಿಟ್ಟು “ಎರಡು ಟೀ, ಸಕ್ಕರೆ ಕಮ್ಮಿ” ಎಂದು ಉತ್ತರ ಕೊಡುತ್ತಿದ್ದ.

ಈಗ ಆ ತಮಾಷೆಗೆ ಯಾರಿಗೂ ಧೈರ್ಯವಿರಲಿಲ್ಲ. ಸಾಲದ್ದಕ್ಕೆ ಇನ್ನೊಂದು ಶುರುವಾಗಿತ್ತು. ಭಾನುವಾರ ಸರಿಯಾಗಿ ನಾಲ್ಕು ಗಂಟೆಗೆ, ಅಂದರೆ ನಾಲ್ವರೂ ಪ್ರೆಸ್ಸಿನಲ್ಲಿ ಸೇರುತ್ತಿದ್ದ ಹೊತ್ತಿಗೆ, ಲಿಫ್ಟು ತಾನಾಗಿ ಮೇಲೆ ಬರುತ್ತಿತ್ತು. ಬಾಗಿಲು ತೆರೆಯುತ್ತಿತ್ತು. ಒಳಗೆ ಯಾರೂ ಇರುತ್ತಿರಲಿಲ್ಲ. “ಮೂರನೇ ಮಹಡಿ. ಮತ್ತೇನು?” ಎಂದು ಕೇಳಿ, ಸ್ವಲ್ಪ ಹೊತ್ತು ಕಾದು, ಇಳಿದು ಹೋಗುತ್ತಿತ್ತು. ಹೊಸ ಮೆಕ್ಯಾನಿಕ್ ಬಂದು ನೋಡಿದ. “ಯಾರೋ ಹಳಬರು ಟೈಮರ್ ಹಾಕಿಟ್ಟಿದ್ದಾರೆ ಸಾರ್. ತೆಗೆದುಬಿಡಲಾ?” ಎಂದ. ಮೂವರಲ್ಲಿ ಒಬ್ಬರೂ ಹೂಂ ಎನ್ನಲಿಲ್ಲ.

ಅಂಥದ್ದೊಂದು ಭಾನುವಾರ ಮೂರೂವರೆಗೆ ಲಿಫ್ಟಣ್ಣನ ಮಗಳು ಒಂದು ಕಟ್ಟು ಹೊತ್ತುಕೊಂಡು ಬಂದಳು. ಕೆಂಪಕ್ಕನಿಗೆ ಕಟ್ಟಿನ ದಾರ ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ದಾರ ಅವಳೇ ಕೊಟ್ಟದ್ದು.

“ಮನೆ ಖಾಲಿ ಮಾಡ್ತಿದ್ದೀನಿ, ಅತ್ತೆ,” ಎಂದಳು ಮಗಳು. ಅಪ್ಪನ ಗೆಳತಿಯನ್ನು ಅವಳು ಮೊದಲಿಂದ ಕರೆಯುತ್ತಿದ್ದುದೇ ಹಾಗೆ. “ಇದು ಅಪ್ಪನ ಕಾದಂಬರಿ. ಇರೋದು ಇದೊಂದೇ ಪ್ರತಿ. ಓದಿದೋರಿಗೆ ನಗು ಬರುತ್ತೆ ಅಂದ್ರೆ ಅಚ್ಚು ಹಾಕಿಸ್ತೀನಿ. ಬರಲ್ಲ ಅಂದ್ರೆ ಹಳೇ ಪೇಪರಿನ ಜೊತೆ ಹಾಕಿಬಿಡ್ತೀನಿ. ನಗಿಸೋಕೆ ಹೋಗಿ ನಗೆಪಾಟಲಾದ ಅಂತ ಸತ್ತ ಮೇಲೆ ಅಪ್ಪನ್ನ ಜನ ಆಡಿಕೊಳ್ಳೋದು ನಂಗೆ ಬೇಡ.”

ಬರೆದದ್ದೋ, ಲಿಫ್ಟು ತಪಾಸಣೆಯ ಹಾಳೆಗಳ ಬೆನ್ನಿನ ಮೇಲೆ. ಒಂದು ಮಗ್ಗುಲಲ್ಲಿ ‘ದೋಷ, ಕಾರಣ, ಕ್ರಮ’ ಎಂಬ ಅಚ್ಚಾದ ಕಾಲಮ್ಮುಗಳು, ಇನ್ನೊಂದು ಮಗ್ಗುಲಲ್ಲಿ ಲಿಫ್ಟಣ್ಣನ ದುಂಡು ಅಕ್ಷರ. ಇನ್ನೂರ ಹದಿನಾಲ್ಕು ಹಾಳೆ. ಕಥೆ ಇಷ್ಟೇ: ಒಂದು ಆಫೀಸಿನ ಲಿಫ್ಟು ಮೇಲಿನ ಮಹಡಿಯಲ್ಲಿ ನಿಲ್ಲುವುದನ್ನು ಮರೆತು, ಚಾವಣಿ ಒಡೆದು, ಆಕಾಶಕ್ಕೆ ಹೋಗಿಬಿಡುತ್ತದೆ. ಒಳಗೆ ಐದು ಜನ. ಗ್ರಹದಿಂದ ಗ್ರಹಕ್ಕೆ ಅಲೆಯುತ್ತಾರೆ, ಗುಂಡಿ ಒತ್ತಿದ್ದು ಯಾರು ಎಂದು ಜಗಳಾಡುತ್ತಾರೆ.

ಮಾತ್ರೆ ಕನ್ನಡಕ ಏರಿಸಿಕೊಂಡು ನಡುವಿನಿಂದ ಒಂದು ಹಾಳೆ ಎಳೆದು ಓದಿದ. ಅದರಲ್ಲಿ ಒಬ್ಬ ಗುಮಾಸ್ತ ಶನಿಗ್ರಹದ ಉಂಗುರ ದಾಟುತ್ತ, ಕೈಯಲ್ಲಿ ಫೈಲು ಹಿಡಿದುಕೊಂಡು, “ನಾನು ಹೋಗಬೇಕಾಗಿದ್ದದ್ದು ಎರಡನೇ ಮಹಡಿಗೆ. ಮೆಟ್ಟಿಲು ಹತ್ತಬಹುದಾಗಿತ್ತು” ಎನ್ನುತ್ತಾನೆ. ಅದನ್ನೇ ಅವನು ಚಂದ್ರನ ಹತ್ತಿರವೂ ಅಂದಿದ್ದನಂತೆ, ಮಂಗಳನ ಹತ್ತಿರವೂ ಅಂದಿದ್ದನಂತೆ. ಮಾತ್ರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕೆಮ್ಮಿದ.

“ಇದರಲ್ಲಿ ನಗೋದೇನಿದೆ?” ಎಂದ ಯಜಮಾನ, ಕೈಕಟ್ಟಿಕೊಂಡು. “ಒಬ್ಬ ಮನೆ ಬಿಟ್ಟು ದೂರ ಹೋಗ್ತಿದ್ದಾನೆ, ವಾಪಸ್ ಬರೋ ದಾರಿ ಇಲ್ಲ. ಅವನ ಗೋಳು ಅವನಿಗೆ.”

“ಗೋಳೇ ಕಣೋ. ಗೋಳು ಹೇಳಿಕೊಳ್ಳೋ ರೀತಿ ನೋಡು. ಎರಡನೇ ಮಹಡಿಯಂತೆ.”

“ನಂಗೇನೂ ಅನ್ನಿಸಲಿಲ್ಲ.”

“ನಿನಗೆ ಯಾವತ್ತು ಏನು ಅನ್ನಿಸಿದೆ? ನೀನು ನಕ್ಕಿದ್ದನ್ನ ನಾನು ಕೊನೇ ಸಲ ನೋಡಿದ್ದು ಹೈಸ್ಕೂಲಲ್ಲಿ, ಮೇಷ್ಟ್ರ ಕುರ್ಚಿ ಮುರಿದಾಗ.”

ಹೀಗೆ ಮಾತಿಗೆ ಮಾತು ಬೆಳೆಯಿತು. ಮಾತ್ರೆ ಇನ್ನೊಂದು ಹಾಳೆ ಓದಿದ, ಮತ್ತೂ ಒಂದು ಓದಿದ. ತಾನೊಬ್ಬನೇ ನಕ್ಕ. ಯಜಮಾನನ ಮುಖ ಗಂಟಿಕ್ಕಿದ್ದು ಸಡಿಲಾಗಲಿಲ್ಲ. ಕಡೆಗೆ ಇಬ್ಬರೂ ಕೆಂಪಕ್ಕನ ಕಡೆ ತಿರುಗಿದರು.

“ನಾನು ಅವತ್ತೇ ಹೇಳಿದ್ದೆ,” ಎಂದಳು ಕೆಂಪಕ್ಕ. “ನಗು ಬರಲ್ಲ.”

“ಅಪ್ಪಾನೂ ಅದೇ ಅಂತಿದ್ರು,” ಎಂದಳು ಮಗಳು. “ಕೆಂಪಿ ಹೇಳಿದ್ರೆ ಮುಗೀತು ಅಂತ. ಆದ್ರೂ ಇನ್ನೊಂದು ಸಲ ನೋಡಿ, ಅತ್ತೆ. ಮುಂದಿನ ಭಾನುವಾರ ಕೊನೇ ಮಾತು ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ.”

ಅಷ್ಟರಲ್ಲಿ ಹೊರಗೆ ಲಿಫ್ಟು ಬಂದು ನಿಂತಿತು. ಬಾಗಿಲು ಸರಿದ ಸದ್ದಾಯಿತು. “ಮೂರನೇ ಮಹಡಿ,” ಎಂದ ಲಿಫ್ಟಣ್ಣ. “ಮತ್ತೇನು?” ಮಗಳು ತಲೆ ತಗ್ಗಿಸಿದಳು. ಲಿಫ್ಟು ಇಳಿದು ಹೋಯಿತು.

ಕೆಂಪಕ್ಕ ಕಟ್ಟನ್ನು ಮನೆಗೆ ತಂದಳು, ಊಟದ ಮೇಜಿನ ಮೇಲಿಟ್ಟಳು. ನಾಲ್ಕು ದಿನ ಅದರ ಪಕ್ಕದಲ್ಲೇ ಉಂಡಳು, ಬಿಚ್ಚಲಿಲ್ಲ. ಅದು ಯಾಕೆ ಎಂದು ನಾನು ಹೇಳಿಬಿಡುತ್ತೇನೆ, ಅವಳಂತೂ ಯಾರಿಗೂ ಹೇಳಿರಲಿಲ್ಲ.

ಲಿಫ್ಟಣ್ಣ ಸಾಯುವುದಕ್ಕೆ ಒಂದೂಕಾಲು ವರ್ಷ ಮೊದಲು ಈ ಕಟ್ಟನ್ನು ಅವಳ ಕೈಗಿಟ್ಟಿದ್ದ. “ತಪ್ಪು ತಿದ್ದೋದು ಆಮೇಲಿರಲಿ,” ಎಂದಿದ್ದ. “ನಗು ಬಂದ ಕಡೆ ಪಕ್ಕದಲ್ಲಿ ಒಂದು ಗೀಟು ಹಾಕು, ಸಾಕು.” ಹನ್ನೊಂದು ವರ್ಷ ಯಾರಿಗೂ ಗೊತ್ತಾಗದ ಹಾಗೆ ಬರೆದಿದ್ದನಂತೆ, ಲಿಫ್ಟಿನ ಮೇಲಿನ ಯಂತ್ರದ ಕೋಣೆಯಲ್ಲಿ ಕೂತು. ಕೊಡುವಾಗ ಅವನ ಕಿವಿ ಕೆಂಪಾಗಿತ್ತು.

ಕೆಂಪಕ್ಕ ಓದಿದಳು. ಓದಿದ್ದು ಹೇಗೆ? ಅಲ್ಲೇ ಇರುವುದು ವಿಷಯ. ನಾವು ನೀವು ಪುಸ್ತಕ ತೆರೆದರೆ ಮೊದಲ ಪುಟದಿಂದ ಶುರು. ಕೆಂಪಕ್ಕನ ಕಸುಬಿನ ಓದು ಹಾಗಲ್ಲ. ಮುಂದಿನಿಂದ ಓದಿದರೆ ಕಥೆ ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ಕಣ್ಣು ತಪ್ಪನ್ನು ಹಾರಿಸಿಬಿಡುತ್ತದೆ. ಅದಕ್ಕೇ ಅವಳು ಕೊನೆಯ ಹಾಳೆಯ ಕೊನೆಯ ಸಾಲಿನಿಂದ ಹಿಡಿದು, ಒಂದೊಂದೇ ಸಾಲು ಮೇಲಕ್ಕೆ, ಮೊದಲ ಹಾಳೆಯವರೆಗೆ ಹಿಂದು ಹಿಂದಕ್ಕೆ ಓದುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಅವಳ ಕೈಯಿಂದ ಒಂದು ಒತ್ತಕ್ಷರವೂ ತಪ್ಪಿಸಿಕೊಂಡಿರಲಿಲ್ಲ. ಒಂದು ಕಥೆಯೂ ಅವಳ ತಲೆಗೆ ಹೋಗಿರಲಿಲ್ಲ.

ಗೆಳೆಯನ ಕಾದಂಬರಿಯನ್ನೂ ಹಾಗೇ ಓದಿದಳು. ಬೇಕೆಂದಲ್ಲ, ಕೈ ತಾನಾಗಿ ಕೊನೆಯ ಹಾಳೆಗೆ ಹೋಯಿತು. ಕಾದಂಬರಿಯಲ್ಲಿ ಒಂದು ಕಡೆ, ಮೇಲೂ ಇಲ್ಲದ ಕೆಳಗೂ ಇಲ್ಲದ ಒಂದು ಗ್ರಹದಲ್ಲಿ ಅಲ್ಲಿಯ ಜೀವಿಗಳು “ಮೇಲೆ ಅಂದ್ರೆ ಎಲ್ಲಿ?” ಎಂದು ಕೇಳುತ್ತವೆ. ಲಿಫ್ಟಿನಲ್ಲಿದ್ದ ಮೆಕ್ಯಾನಿಕ್ ಒಂದು ಇಡೀ ದಿನ ಯೋಚಿಸಿ, “ಸಾಹೇಬರು ಕೂತಿರೋ ಕಡೆ” ಎನ್ನುತ್ತಾನೆ. ಕೆಂಪಕ್ಕ ಮೊದಲು ಓದಿದ್ದು ಸಾಹೇಬರನ್ನು. ಅದರಲ್ಲಿ ಒಂದು ಕೊಂಬು ಬಿಟ್ಟುಹೋಗಿತ್ತು, ಹಾಕಿದಳು. ಪ್ರಶ್ನೆ ಬಂದದ್ದು ಎಂಟು ಸಾಲು ಆದಮೇಲೆ. ಇನ್ನೆಲ್ಲಿಯ ನಗು? ಒಂಬತ್ತು ದಿನದಲ್ಲಿ ಆರುನೂರ ನಲವತ್ತು ತಪ್ಪು ತಿದ್ದಿದಳು, ಪ್ರತಿ ಹಾಳೆಗೂ ‘ಕೆ’ ಹಾಕಿದಳು. ಗೀಟು ಒಂದೂ ಹಾಕಲಿಲ್ಲ.

ಆಮೇಲೆ ಒಂದು ಭಾನುವಾರ ಎಲ್ಲರ ಮುಂದೆ, ಕಡ್ಡಿ ಮುರಿದಂತೆ ಹೇಳಿದಳು: “ಭಾಷೆ ಪರವಾಗಿಲ್ಲ. ನಗು ಬರಲ್ಲ ಕಣೋ.” ಲಿಫ್ಟಣ್ಣ ಹಾಳೆಗಳನ್ನು ತಿರುವಿ ನೋಡಿದ, ಎರಡು ಮೂರು ಸಲ. “ಸರಿ ಬಿಡು,” ಎಂದ. ಅವಳು ಕಟ್ಟಿ ಕೊಟ್ಟ ದಾರದ ಸಮೇತ ತೆಗೆದುಕೊಂಡು ಹೋದ. ಇನ್ನೊಬ್ಬರಿಗೆ ತೋರಿಸಲಿಲ್ಲ, ಇನ್ನೊಂದು ಸಾಲು ಬರೆಯಲಿಲ್ಲ. ಆ ರಾತ್ರಿಯೇ ಅವಳಿಗೆ ತಾನು ಮಾಡಿದ್ದೇನು ಎಂದು ಹೊಳೆದಿತ್ತು. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಎಂದುಕೊಂಡಳು. ಹೇಳಿದರೆ ಮೂವತ್ತೊಂದು ವರ್ಷದ ‘ಕೆ’ಗೆ ಏನು ಬೆಲೆ ಉಳಿಯಿತು? ನಾಚಿಕೆ ಬಾಯಿಗೆ ಬೀಗ ಹಾಕಿತು. ಅಷ್ಟರಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಲಿಫ್ಟಣ್ಣನ ಎದೆ ನಿಂತುಹೋಯಿತು.

ಈಗ ಅವಳಿಗೆ ಬೇಕಾಗಿದ್ದದ್ದು ಒಂದೇ: ಆ ಕಾದಂಬರಿ ನಿಜಕ್ಕೂ ನಗು ಬಾರದ್ದಾಗಿರಬೇಕು. ಹಾಗಿದ್ದರೆ ಅವಳು ಹೇಗೆ ಓದಿದರೇನು, ಹೇಳಿದ್ದು ನಿಜವೇ ಆಯಿತು. ಯಜಮಾನನಿಗೂ ನಗು ಬರಲಿಲ್ಲವಲ್ಲ ಎಂಬ ಒಂದೇ ಹಗ್ಗ ಹಿಡಿದುಕೊಂಡು ಅವಳು ನೇತಾಡುತ್ತಿದ್ದಳು.

ಗುರುವಾರ ರಾತ್ರಿ ಕಟ್ಟು ಬಿಚ್ಚಿದಳು. ಕೈ ಹಳೇ ಚಾಳಿಯಂತೆ ಕೊನೆಯ ಹಾಳೆಗೇ ಹೋಯಿತು. ಅಲ್ಲಿ ಅವಳ ಕೆಂಪು ಶಾಯಿ ಕಡುಕೆಂಪಾಗಿತ್ತು. ಮೊದಲ ಹಾಳೆಗಳ ಕಡೆಗೆ ಬರುತ್ತ ಬರುತ್ತ ತೆಳುವಾಯಿತು. ನಲವತ್ತನೇ ಹಾಳೆಯ ಆಸುಪಾಸಿನಲ್ಲಿ ಪೆನ್ನು ಒಣಗಿ, ಒಂದೇ ಅಕ್ಷರದ ಮೇಲೆ ಎರಡೆರಡು ಸಲ ಗೀಚಿದ್ದಳು. ಹತ್ತೊಂಬತ್ತನೇ ಹಾಳೆಯಲ್ಲಿ ಪೂರ್ತಿ ಸತ್ತಿತ್ತು. ಹದಿನೆಂಟರಿಂದ ಒಂದರವರೆಗೆ ಹೊಸ ಪೆನ್ನು, ಮತ್ತೆ ಕಡುಕೆಂಪು. ಪೆನ್ನು ಯಾವ ಕಡೆಯಿಂದ ಯಾವ ಕಡೆಗೆ ನಡೆದಿದೆ ಎಂದು ಚಿಕ್ಕ ಮಗುವಿಗೂ ಗೊತ್ತಾಗುವಂತಿತ್ತು. ಯಂತ್ರ ಯಾಕೆ ನಿಂತಿತು ಎಂದು ಹುಡುಕುವುದನ್ನೇ ಕಸುಬು ಮಾಡಿಕೊಂಡವನಿಗೆ ಗೊತ್ತಾಗದೆ ಇರುತ್ತದೆಯೇ?

ಅವಳು ಹತ್ತೊಂಬತ್ತನೇ ಹಾಳೆಯನ್ನು ಮಗುಚಿದಳು. ತಪಾಸಣೆಯ ಮಗ್ಗುಲು ಖಾಲಿ ಇರಲಿಲ್ಲ. ಪೆನ್ಸಿಲಿನಲ್ಲಿ, ಅವನ ದುಂಡು ಅಕ್ಷರದಲ್ಲಿ, ಕಾಲಮ್ಮು ಕಾಲಮ್ಮಾಗಿ ತುಂಬಿತ್ತು.

ದೋಷ: ನಗು ಬರುತ್ತಿಲ್ಲ.

ಕಾರಣ: ಕೆಂಪಿ ಹಿಂದಿನಿಂದ ಓದಿದ್ದಾಳೆ.

ಕ್ರಮ: ಕಾಯುವುದು. ಅವಳಾಗಿಯೇ ಹೇಳಲಿ.

ಅದರ ಕೆಳಗೆ ತಪಾಸಣೆಯ ಸಾಲುಗಳು. ಪ್ರತಿ ಸಾಲಿಗೂ ಒಂದು ಭಾನುವಾರದ ತಾರೀಕು, ಪಕ್ಕದಲ್ಲಿ ಎರಡೇ ಮಾತು: ‘ಕೇಳಿದೆ. ಹೇಳಲಿಲ್ಲ.’ ಮುಂದಿನ ಭಾನುವಾರ: ‘ಕೇಳಿದೆ. ಹೇಳಲಿಲ್ಲ.’ ಆ ಹಾಳೆಯ ಹದಿನಾರು ಸಾಲೂ ತುಂಬಿ, ಇಪ್ಪತ್ತನೇ ಹಾಳೆಯ ಅದೇ ಮಗ್ಗುಲಿಗೆ ಹೋಗಿ, ಅಲ್ಲಿಂದ ಇಪ್ಪತ್ತೊಂದಕ್ಕೆ, ಇಪ್ಪತ್ತೆರಡಕ್ಕೆ. ಅರವತ್ತೊಂದು ಭಾನುವಾರ. ಕೊನೆಯದರ ತಾರೀಕು ಆ ಮಂಗಳವಾರಕ್ಕೆ ಎರಡು ದಿನ ಮೊದಲಿನದು. ಅದರ ಕೆಳಗೆ ಮೂರು ಸಾಲು ಖಾಲಿ ಇದ್ದವು.

ಏನು ಕೇಳಿದ್ದ? ಕೆಂಪಕ್ಕ ಕಣ್ಣುಮುಚ್ಚಿ ನೆನೆಸಿಕೊಂಡಳು. ಪ್ರತಿ ಭಾನುವಾರ ಹರಟೆ ಮುಗಿದ ಮೇಲೆ ಅವಳನ್ನು ಕೆಳಗೆ ಬಿಡಲು ಬರುತ್ತಿದ್ದ. ಲಿಫ್ಟಿನ ಬಾಗಿಲಿಗೆ ಕೈಯಿಟ್ಟು ಹಿಡಿದುಕೊಂಡು, ಅವಳ ಮುಖ ನೋಡಿ “ಮತ್ತೇನು?” ಎನ್ನುತ್ತಿದ್ದ. ಅವಳು “ಮತ್ತೇನಿಲ್ಲಪ್ಪ” ಎನ್ನುತ್ತಿದ್ದಳು. ಅವನು ಇನ್ನೊಂದು ಗಳಿಗೆ ಬಾಗಿಲು ಹಿಡಿದೇ ನಿಂತಿದ್ದು, ಆಮೇಲೆ ಬಿಡುತ್ತಿದ್ದ. ಎಲ್ಲರೂ ಎಲ್ಲರಿಗೂ ಕೇಳುವ ಮಾತು ಅದು. ಅವಳು ಅದನ್ನು ಒಂದು ಪ್ರಶ್ನೆ ಎಂದೇ ತಿಳಿದಿರಲಿಲ್ಲ. ಕೆಂಪಕ್ಕ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಅತ್ತು ಸಾಕಾದ ಮೇಲೆ ಮುಖ ತೊಳೆದುಕೊಂಡು ಬಂದು, ಮೊದಲನೇ ಹಾಳೆಯನ್ನು ಮುಂದಿಟ್ಟುಕೊಂಡಳು. ಮೊದಲನೇ ಸಾಲಿನಿಂದ ಶುರುಮಾಡಿದಳು. ಶುಕ್ರವಾರ, ಶನಿವಾರ ರಜೆ ಹಾಕಿ ಓದಿದಳು. ಆ ಲಿಫ್ಟಿನಲ್ಲಿ ಔಷಧಿ ಅಂಗಡಿಯವನೊಬ್ಬನಿದ್ದ, ಮಂಗಳ ಗ್ರಹದವರಿಗೆ ಹೊಟ್ಟೆಯುರಿಯ ಗುಳಿಗೆ ಕೊಡುತ್ತಿದ್ದ. ಮುಗುಳು ನಗದ ಒಬ್ಬ ಯಜಮಾನನಿದ್ದ. ‘ದೂಮಕೇತು’ ಎಂದು ಬರೆದ ಬೋರ್ಡಿನ ದಕಾರದ ಹೊಟ್ಟೆ ಸೀಳಿ ಮಹಾಪ್ರಾಣ ಹಾಕಲು ಲಿಫ್ಟು ನಿಲ್ಲಿಸಿ ಇಳಿದವಳೊಬ್ಬಳಿದ್ದಳು. ಅವಳು ವಾಪಸ್ ಬರುವವರೆಗೆ ಮೆಕ್ಯಾನಿಕ್ ಬಾಗಿಲು ಹಿಡಿದು ನಿಂತಿದ್ದ, ಏಳು ವರ್ಷ. ನಗು ಬರಬೇಕಾದ ಕಡೆಯೆಲ್ಲ ಕೆಂಪಕ್ಕನಿಗೆ ಗೊತ್ತಾಗುತ್ತಿತ್ತು, ಗೀಟು ಹಾಕುತ್ತ ಹೋದಳು. ಆದರೆ ನಗು ಗಂಟಲಿನಿಂದ ಮೇಲೆ ಬರಲಿಲ್ಲ. ಪಕ್ಕದಲ್ಲಿ ಅವನು ನಿಂತು ಅವಳ ಮುಖವನ್ನೇ ನೋಡುತ್ತಿದ್ದಾನೆ ಅನ್ನಿಸುತ್ತಿತ್ತು.

ಭಾನುವಾರ ಮೂರೂವರೆಗೆ ಅವಳು ಕಟ್ಟನ್ನು ಪ್ರೆಸ್ಸಿನ ಮೇಜಿನ ಮೇಲಿಟ್ಟಳು. ಮಾತ್ರೆ, ಯಜಮಾನ, ಮಗಳು ಮೂವರೂ ಇದ್ದರು.

“ಮೊದಲು ನೀನು ಹೇಳು,” ಎಂದಳು ಯಜಮಾನನಿಗೆ. “ನಿನಗೆ ಯಾಕೆ ನಗು ಬರಲಿಲ್ಲ?”

ಯಜಮಾನ ಮಿಸುಕಾಡಿದ. “ನೀನೇ ಹೇಳಿದ್ದೆಯಲ್ಲ, ಬರಲ್ಲ ಅಂತ. ಪ್ರತಿ ಹಾಳೆಗೂ ನಿನ್ನ ‘ಕೆ’ ಇದೆ. ನಿನ್ನ ‘ಕೆ’ ಬಿದ್ದ ಮೇಲೆ ನಾನು ಯಾವತ್ತು ತಲೆ ಕೆಡಿಸಿಕೊಂಡಿದ್ದೀನಿ? ಮಾತ್ರೆ ಓದೋವಾಗ ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ.”

ಹಿಡಿದುಕೊಂಡಿದ್ದ ಹಗ್ಗವೂ ಕೈಬಿಟ್ಟಿತು. ಕೆಂಪಕ್ಕ ಮೊದಲನೇ ಹಾಳೆ ಎತ್ತಿಕೊಂಡು ಓದತೊಡಗಿದಳು. ಅವಳ ಓದು ಗೊತ್ತಲ್ಲ, ಏರಿಲ್ಲ, ಇಳಿವಿಲ್ಲ, ಸರ್ಕಾರಿ ನೋಟೀಸು ಓದಿದ ಹಾಗೆ. ಅದೇ ಸಪ್ಪೆ ದನಿಯಲ್ಲಿ ಗುಮಾಸ್ತ ಲಿಫ್ಟು ಹತ್ತಿದ, ಚಾವಣಿ ಒಡೆಯಿತು, ಮೋಡ ದಾಟಿತು. “ನಾನು ಹೋಗಬೇಕಾಗಿದ್ದದ್ದು ಎರಡನೇ ಮಹಡಿಗೆ.” ಯಜಮಾನನ ಮೂಗಿನಿಂದ ಒಂದು ಸದ್ದು ಬಂತು. ಚಂದ್ರ ದಾಟುವ ಹೊತ್ತಿಗೆ ಅವನು ಮೇಜು ಹಿಡಿದುಕೊಂಡು, ಹೆಗಲು ಕುಣಿಸುತ್ತ, ಸದ್ದಿಲ್ಲದೆ ನಗುತ್ತಿದ್ದ. ಮಗಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾತ್ರೆ ಮಾತ್ರ ಈ ಸಲ ನಗದೆ ಯಜಮಾನನನ್ನೇ ನೋಡುತ್ತಿದ್ದ, ಅವನ ಕಣ್ಣು ತುಂಬಿತ್ತು.

ನಾಲ್ಕು ಹೊಡೆಯಿತು. ಹೊರಗೆ ಲಿಫ್ಟು ಬಂದು ನಿಂತಿತು.

ಕೆಂಪಕ್ಕ ಹಾಳೆ ಕೆಳಗಿಟ್ಟು ಎದ್ದಳು. ನೆಟ್ಟಗೆ ಹೊರಗೆ ಹೋದಳು. ಮೂರು ತಿಂಗಳಿಂದ ಹತ್ತಿರ ಸುಳಿಯದವಳು ತೆರೆದ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಳು. ಒಳಗಿನ ಕನ್ನಡಿಯಲ್ಲಿ ಅವಳೊಬ್ಬಳೇ ಕಾಣುತ್ತಿದ್ದಳು.

“ಮೂರನೇ ಮಹಡಿ. ಮತ್ತೇನು?”

“ಹಿಂದಿನಿಂದ ಓದಿದ್ದೆ ಕಣೋ,” ಎಂದಳು ಕೆಂಪಕ್ಕ. ಒಳಗೆ ಕೂತಿದ್ದವರಿಗೂ ಕೇಳಿಸಿತು. “ಕೊನೇ ಸಾಲಿಂದ ಮೊದಲನೇ ಸಾಲಿಗೆ. ನಿನ್ನ ಕಾದಂಬರೀನ ನಾನು ಓದೇ ಇರಲಿಲ್ಲ.”

ಬಾಗಿಲು ಮುಚ್ಚಲು ಬಂದು, ಅವಳ ಕಾಲಿಗೆ ತಾಗಿ, ಹಿಂದೆ ಸರಿಯಿತು.

“ಮೂರನೇ ಮಹಡಿ. ಮತ್ತೇನು?”

“ಗೊತ್ತಾದ ಮೇಲೂ ಮುಚ್ಚಿಟ್ಟೆ. ಮರ್ಯಾದೆ ಹೋಗುತ್ತೆ ಅಂತ ಹೆದರಿದೆ.”

“ಮೂರನೇ ಮಹಡಿ. ಮತ್ತೇನು?”

“ಚೆನ್ನಾಗಿದೆ ಕಣೋ. ನಗು ಬರುತ್ತೆ. ಎಪ್ಪತ್ತಮೂರು ಕಡೆ ಗೀಟು ಹಾಕಿದ್ದೀನಿ.”

“ಮೂರನೇ ಮಹಡಿ. ಮತ್ತೇನು?”

ಇನ್ನೇನೂ ಉಳಿದಿರಲಿಲ್ಲ. ಆದರೂ ಆ ಪೆಟ್ಟಿಗೆ ಬಿಡಲಿಲ್ಲ, ಮತ್ತೆ ಕೇಳಿತು, ಅದೇ ರಾಗದಲ್ಲಿ, ಇವಳೇನು ಹೇಳಿದಳೋ ಒಂದೂ ಕಿವಿಗೆ ಬೀಳದವನ ಹಾಗೆ. ಕೆಂಪಕ್ಕನ ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಅಳು ಎಂದುಕೊಂಡು ಬಾಯಿಗೆ ಕೈ ಒತ್ತಿದಳು. ಅಳುವಾಗಿರಲಿಲ್ಲ. ಚೌಕಟ್ಟು ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಸುರಿಸುತ್ತ, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

“ಮತ್ತೇನಿಲ್ಲಪ್ಪ,” ಎಂದಳು, ಉಸಿರು ಸಿಕ್ಕ ಮೇಲೆ. “ಹೋಗು ಇನ್ನು.”

ಕಾಲು ತೆಗೆದಳು. “ಬಾಗಿಲು ಮುಚ್ಚುತ್ತಿದೆ,” ಎಂದ ಲಿಫ್ಟಣ್ಣ. ಬಾಗಿಲು ಮುಚ್ಚಿತು. ಲಿಫ್ಟು ಕೆಳಗಿಳಿಯುವ ಸದ್ದು ನಿಲ್ಲುವವರೆಗೂ ಅವಳು ಅಲ್ಲೇ ನಿಂತಿದ್ದಳು.

ಆಮೇಲೆ ಒಳಗೆ ಬಂದಳು. ಕೆಂಪಕ್ಕ ಇಪ್ಪತ್ತೆರಡನೇ ಹಾಳೆ ಹುಡುಕಿ, ಮಗುಚಿ, ಮಗಳ ಮುಂದೆಯೇ ಕೆಂಪು ಪೆನ್ನಿನ ಮುಚ್ಚಳ ತೆಗೆದಳು. ಖಾಲಿ ಇದ್ದ ಮೂರು ಸಾಲುಗಳಲ್ಲಿ ಮೊದಲನೆಯದಕ್ಕೆ ಅಂದಿನ ತಾರೀಕು ಹಾಕಿದಳು. ಪಕ್ಕದಲ್ಲಿ ಬರೆದಳು: ‘ಕೇಳಿದ. ಹೇಳಿದೆ.’

ಇನ್ನೆರಡು ಸಾಲು ಖಾಲಿ ಉಳಿದವು.